ಮೊದಲ ಮಹಾಯುದ್ಧವನ್ನು ಬೆಳಗಾವಿಯಿಂದ ಶುರು ಮಾಡಿ ಕಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಳಗಾವಿ ಜಿಲ್ಲೆಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮೊದಲ ಮಹಾಯುದ್ಧದ ಪಾಠ ಹತ್ತಿರ ಬಂದಾಗ ಬೇರೆ ಶಾಲೆಯ ಶಿಕ್ಷಕರು ಫೋನ್ ಮಾಡಿ ಕೇಳುತ್ತಾರೆ. ಕೆಲವರು ಪತ್ರ ಬರೆಯುತ್ತಾರೆ, ಕೆಲವರು ತರಬೇತಿಯ ಊಟದ ಬಿಡುವಿನಲ್ಲಿ ಮಾತು ತೆಗೆಯುತ್ತಾರೆ. ಪಾಲಕರೂ ಕೇಳುತ್ತಾರೆ. ಮಕ್ಕಳಂತೂ ಬಿಡುವುದೇ ಇಲ್ಲ. ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಇಟ್ಟು ಉತ್ತರ ಬರೆದಿದ್ದೇನೆ. ಸುಲಭದವು ಮೊದಲು, ಕಷ್ಟದವು ಕೊನೆಗೆ.

## ಪಾಠ ಶುರು ಮಾಡುವ ಮೊದಲು

"ಸರ್, ಆ ಯುದ್ಧ ಯುರೋಪಿನಾಗ ನಡೀತು. ನಮಗ್ಯಾಕ್ರಿ ಅದು?"

ಯುರೋಪಿನಲ್ಲಿ ಮಾತ್ರ ನಡೆಯಲಿಲ್ಲ. ಇರಾಕ್, ಪ್ಯಾಲೆಸ್ಟೈನ್, ಈಜಿಪ್ಟ್, ಪೂರ್ವ ಆಫ್ರಿಕಾ, ಟರ್ಕಿಯ ಗಲಿಪೊಲಿ, ಎಲ್ಲ ಕಡೆ ನಡೆಯಿತು. ಈ ಎಲ್ಲ ಕಡೆಯೂ ಭಾರತದ ಸಿಪಾಯಿಗಳಿದ್ದರು. 1914ರಿಂದ 1918ರ ನಡುವೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಭಾರತದಿಂದ ಕಡಲು ದಾಟಿ ಹೋದರು. ಸುಮಾರು 74 ಸಾವಿರ ಜನ ತಿರುಗಿ ಬರಲಿಲ್ಲ. ಹೋದವರೆಲ್ಲ ಬಂದೂಕು ಹಿಡಿದವರೂ ಅಲ್ಲ. ಹೇಸರಗತ್ತೆ ಹೊಡೆಯುವವರು, ಅಡಿಗೆಯವರು, ಗಾಯಾಳುಗಳನ್ನು ಹೊರುವವರು, ರಸ್ತೆ ಹಾಕುವವರು ಲಕ್ಷಗಟ್ಟಲೆ ಇದ್ದರು.

ಈ ಪ್ರಶ್ನೆ ಕೇಳಿದ ಹುಡುಗನನ್ನು ಗದರಿಸಿ ಕೂರಿಸಬೇಡಿ. ಅವನು ಕೇಳಿದ್ದು ಸರಿಯಾಗೇ ಇದೆ. ನಮಗೆ ಸಂಬಂಧವಿಲ್ಲದ ಜಗಳಕ್ಕೆ ನಮ್ಮ ಜನ ಹೋದದ್ದು ಹೇಗೆ? ಯಾರು ಕಳಿಸಿದರು? ಹೋದವರಿಗೆ, ಮನೆಯಲ್ಲಿ ಉಳಿದವರಿಗೆ ಏನು ಸಿಕ್ಕಿತು? ನಾನು ಇಡೀ ಪಾಠವನ್ನು ಈ ಪ್ರಶ್ನೆಗಳ ಮೇಲೆಯೇ ಕಟ್ಟುತ್ತೇನೆ. ಆಸ್ಟ್ರಿಯಾದ ಯುವರಾಜನ ಕೊಲೆಯಾದ ಸರಯೇವೊ ಪಟ್ಟಣದಿಂದ ಶುರು ಮಾಡಿದರೆ ಕೊನೆಯ ಐದು ನಿಮಿಷದಲ್ಲಿ ಭಾರತ ಬಂದು ಹೋಗುತ್ತದೆ. ಬೆಳಗಾವಿಯಿಂದ ಶುರು ಮಾಡಿದರೆ ಸರಯೇವೊ ಬೇಕೇ ಬೇಕಾಗುತ್ತದೆ, ಮಕ್ಕಳೇ ಅದನ್ನು ಕೇಳುತ್ತಾರೆ.

"ನಾಲ್ಕೇ ಪಿರಿಯಡ್ ಸಿಗ್ತಾವ. ಏನು ಹಿಡೀಲಿ, ಏನು ಬಿಡ್ಲಿ?"

ಯುದ್ಧಗಳ ಪಟ್ಟಿ ಬಿಡಿ. ಸೇನಾಪತಿಗಳ ಹೆಸರು ಬಿಡಿ. ಒಪ್ಪಂದಗಳ ಕಲಮುಗಳನ್ನು ಒಂದೊಂದಾಗಿ ಬರೆಸುವುದನ್ನು ಬಿಡಿ. ಮೊದಲ ಪಿರಿಯಡ್‌ನಲ್ಲಿ ನಮ್ಮ ಕಡೆಯಿಂದ ಯಾರು ಹೋದರು, ಎಲ್ಲಿಗೆ ಹೋದರು. ಎರಡನೆಯದರಲ್ಲಿ ಯುದ್ಧ ಯಾಕೆ ಶುರುವಾಯಿತು. ಮೂರನೆಯದರಲ್ಲಿ ಕಂದಕ, ಹಸಿವು, ರೋಗ, ಮನೆಯ ಪರಿಸ್ಥಿತಿ. ನಾಲ್ಕನೆಯದರಲ್ಲಿ ಯುದ್ಧ ಮುಗಿದ ಮೇಲೆ ಏನು ಬದಲಾಯಿತು. ನಕಾಶೆ ಮಾತ್ರ ನಾಲ್ಕೂ ದಿನ ಗೋಡೆಯ ಮೇಲಿರಲಿ. ಮುಂಬಯಿಯಿಂದ ಇರಾಕಿನ ಬಸ್ರಾ, ಮುಂಬಯಿಯಿಂದ ಫ್ರಾನ್ಸಿನ ಮಾರ್ಸೇಲ್ಸ್ ದಾರಿಯನ್ನು ಮಕ್ಕಳೇ ಬೆರಳಿಟ್ಟು ತೋರಿಸಲಿ.

"ಕಾರಣ ಏನು ಅಂದ್ರೆ 'ರಾಜಕುಮಾರನ ಕೊಲೆ' ಅಂತಾರೆ, ಅಲ್ಲಿಗೆ ಮುಗೀತು. ಮುಂದಕ್ಕೆ ಹೇಗೆ ಒಯ್ಯೋದು?"

ತಾರೀಖುಗಳ ಚೀಟಿ ಮಾಡಿ. ನನ್ನ ಅನುಭವದಲ್ಲಿ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

1914ರ ಜೂನ್ 28ರಂದು ಆಸ್ಟ್ರಿಯಾದ ಯುವರಾಜ ಫ್ರಾನ್ಸ್ ಫರ್ಡಿನಾಂಡ್‌ನ ಕೊಲೆ ಸರಯೇವೊದಲ್ಲಿ ಆಯಿತು. ಜುಲೈ 23ಕ್ಕೆ ಆಸ್ಟ್ರಿಯಾ-ಹಂಗೇರಿ ಸರ್ಬಿಯಾಕ್ಕೆ 48 ತಾಸಿನ ಗಡುವು ಕೊಟ್ಟಿತು. 25ಕ್ಕೆ ಸರ್ಬಿಯಾ ಬಹುಪಾಲು ಷರತ್ತು ಒಪ್ಪಿ ಉತ್ತರ ಕೊಟ್ಟಿತು. ಆದರೂ 28ಕ್ಕೆ ಆಸ್ಟ್ರಿಯಾ ಯುದ್ಧ ಸಾರಿತು. 30ಕ್ಕೆ ರಷ್ಯಾ ತನ್ನ ಇಡೀ ಸೈನ್ಯ ಸಜ್ಜಾಗಲಿ ಎಂದು ಆಜ್ಞೆ ಹೊರಡಿಸಿತು. ಆಗಸ್ಟ್ 1ಕ್ಕೆ ಜರ್ಮನಿ ರಷ್ಯಾದ ಮೇಲೆ, 3ಕ್ಕೆ ಫ್ರಾನ್ಸಿನ ಮೇಲೆ ಯುದ್ಧ ಸಾರಿತು. 4ಕ್ಕೆ ಜರ್ಮನ್ ಸೈನ್ಯ ಬೆಲ್ಜಿಯಂ ಒಳಗೆ ನುಗ್ಗಿತು. ಅದೇ ದಿನ ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಬ್ರಿಟನ್ ಸಾರಿದ್ದೇ ತಡ, ಭಾರತವೂ ಯುದ್ಧದೊಳಗೆ ಬಂತು. ಯಾರೂ ನಮ್ಮನ್ನು ಕೇಳಲಿಲ್ಲ.

ಕೊಲೆಯಾದ ದಿನದಿಂದ ಇಲ್ಲಿಗೆ 37 ದಿನ. ಪ್ರತಿ ತಾರೀಖನ್ನು ಒಂದೊಂದು ಚೀಟಿಯಲ್ಲಿ ಬರೆದು ಗುಂಪುಗಳಿಗೆ ಕೊಡಿ. "ಈ ದಿನ ಯಾರು ಏನು ಮಾಡಿದ್ದರೆ ಯುದ್ಧ ನಿಲ್ಲುತ್ತಿತ್ತು?" ಎಂದು ಕೇಳಿ. ಒಂದು ಗುಂಪು ಆಸ್ಟ್ರಿಯಾ ಎನ್ನುತ್ತದೆ, ಇನ್ನೊಂದು ರಷ್ಯಾ ಎನ್ನುತ್ತದೆ. ಜರ್ಮನಿ ಆಸ್ಟ್ರಿಯಾದ ಬೆನ್ನಿಗೆ ನಿಲ್ಲದಿದ್ದರೆ ಹೇಗೆ ಎಂದು ಯಾರೋ ಒಬ್ಬಳು ಎದ್ದು ಕೇಳುತ್ತಾಳೆ. ಆಗ ಒಕ್ಕೂಟಗಳು, ಶಸ್ತ್ರಾಸ್ತ್ರ ಪೈಪೋಟಿ, ವಸಾಹತುಗಳ ಆಸೆ ಎಲ್ಲ ತಾವಾಗಿ ಚರ್ಚೆಗೆ ಬರುತ್ತವೆ. ಪಠ್ಯದ "ಕಾರಣಗಳು" ಎಂಬ ಪಟ್ಟಿಯನ್ನು ಅದಾದ ಮೇಲೆ ತೆರೆಯಿರಿ. ಒಂದೊಂದು ಅಂಶ ಯಾವ ಚೀಟಿಗೆ ಸೇರುತ್ತದೆ ಎಂದು ಮಕ್ಕಳೇ ಹೇಳುತ್ತಾರೆ.

## ನಮ್ಮ ಜಿಲ್ಲೆಗಳ ದಾರಿ

"ಬೆಳಗಾವಿಗೂ ಈ ಯುದ್ಧಕ್ಕೂ ಖರೇನ ಸಂಬಂಧ ಐತೇನ್ರಿ, ಇಲ್ಲಾ ಸುಮ್ನೆ ಜೋಡಿಸಾಕ್ಹತ್ತೀರೋ?"

ಖರೇನೇ ಇದೆ. ಆಗಿನ ಬ್ರಿಟಿಷ್ ಭಾರತದ ಸೈನ್ಯದಲ್ಲಿ ಆರನೇ ಡಿವಿಜನ್ ಅಂತ ಇತ್ತು, ಪೂನಾ ಡಿವಿಜನ್ ಎಂದು ಕರೆಯುತ್ತಿದ್ದರು. ಅದರಲ್ಲಿ ಮೂರು ಬ್ರಿಗೇಡ್: ಪೂನಾ, ಅಹ್ಮದ್‌ನಗರ, ಬೆಳಗಾವಿ. ಬೆಳಗಾವಿಯದು 18ನೇ ಬ್ರಿಗೇಡ್. ಯುದ್ಧ ಶುರುವಾದಾಗ ಬ್ರಿಟಿಷರ ಎರಡನೇ ನಾರ್ಫೋಕ್ ಪಲ್ಟನ್ ನಮ್ಮ ಕ್ಯಾಂಪಿನಲ್ಲೇ ಇತ್ತು. ಅದರ ಜೊತೆ 110ನೇ ಮರಾಠಾ ಲೈಟ್ ಇನ್‌ಫೆಂಟ್ರಿಯಂಥ ಭಾರತೀಯ ಪಲ್ಟನ್‌ಗಳೂ ಇದೇ ಬ್ರಿಗೇಡ್‌ನಲ್ಲಿ ಹೊರಟವು. ಹೋದದ್ದು ಫ್ರಾನ್ಸಿಗಲ್ಲ, ಮೆಸೊಪೊಟೇಮಿಯಾಕ್ಕೆ. ಅಂದರೆ ಇಂದಿನ ಇರಾಕ್, ಆಗ ಅದು ಜರ್ಮನಿಯ ಕಡೆ ಸೇರಿದ್ದ ಟರ್ಕಿಯ ಕೈಯಲ್ಲಿತ್ತು.

1914ರ ನವೆಂಬರಿನಲ್ಲಿ ಬಸ್ರಾ ಸಿಕ್ಕಿತು. ಅಲ್ಲಿಗೆ ನಿಂತಿದ್ದರೆ ಆಗುತ್ತಿತ್ತು. ಟೈಗ್ರಿಸ್ ನದಿಯ ಗುಂಟ ಬಾಗ್ದಾದಿನ ಕಡೆ ಹೋಗಬೇಕೆಂದು ಹಟ ಹಿಡಿದರು. 1915ರ ನವೆಂಬರಿನಲ್ಲಿ ಟೆಸಿಫಾನ್ ಬಳಿ ಟರ್ಕಿಯ ಸೈನ್ಯ ತಡೆಯಿತು. ಹಿಂದೆ ಸರಿದು ಬಂದ ಡಿವಿಜನ್ ಕುಟ್ ಎಂಬ ಸಣ್ಣ ಊರಿನಲ್ಲಿ ಸಿಕ್ಕಿಬಿತ್ತು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಮುತ್ತಿಗೆ.

ಕುಟ್‌ನ ಊಟದ ವಿಷಯಕ್ಕೆ ಅರ್ಧ ಪಿರಿಯಡ್ ಕೊಡಿ. ಧಾನ್ಯ ಮುಗಿಯುತ್ತಾ ಬಂತು. ಕುದುರೆ, ಹೇಸರಗತ್ತೆಗಳನ್ನು ಕೊಯ್ಯತೊಡಗಿದರು. ಬ್ರಿಟಿಷ್ ಸೈನಿಕರು ತಿಂದರು. ಭಾರತದ ಸಿಪಾಯಿಗಳಲ್ಲಿ ಎಷ್ಟೋ ಜನ ಮುಟ್ಟಲಿಲ್ಲ. ಧರ್ಮ ಅಡ್ಡ ಬಂತು. ಊರಿಗೆ ತಿರುಗಿ ಹೋದ ಮೇಲೆ ಜನ ಏನೆಂದಾರು ಎಂಬ ಅಂಜಿಕೆಯೂ ಇತ್ತು. ತಿಂದರೆ ತಪ್ಪಿಲ್ಲ ಎಂದು ಭಾರತದ ಧರ್ಮಗುರುಗಳಿಂದ ಹೇಳಿಸಿ, ಆ ಮಾತನ್ನು ನಿಸ್ತಂತು ಸಂದೇಶದಲ್ಲಿ ಕಳಿಸಿದರು. ಕೊನೆಕೊನೆಗೆ ಹಲವರು ತಿಂದರು. ಅಷ್ಟರಲ್ಲಿ ಸ್ಕರ್ವಿ ರೋಗ ಹಿಡಿದು ಒಸಡಿನಿಂದ ರಕ್ತ ಸುರಿಯುತ್ತಿತ್ತು. ವಿಮಾನದಿಂದ ಹಿಟ್ಟಿನ ಚೀಲ ಉದುರಿಸಿದರು, ಸಾಲಲಿಲ್ಲ. 1916ರ ಏಪ್ರಿಲ್ 29ಕ್ಕೆ ಸುಮಾರು 13 ಸಾವಿರ ಜನ ಶರಣಾದರು. ಸಿಪಾಯಿಗಳನ್ನು ಮರುಭೂಮಿಯಲ್ಲಿ ನಡೆಸಿಕೊಂಡು ಹೋಗಿ ರೈಲು ಹಳಿಯ ಕೆಲಸಕ್ಕೆ ಹಚ್ಚಿದರು. ಸಾವಿರಾರು ಜನ ಸತ್ತರು. ಅವರ ಸೇನಾಪತಿ ಟೌನ್‌ಶೆಂಡ್ ಇಸ್ತಾನ್‌ಬುಲ್ ಹತ್ತಿರದ ದ್ವೀಪದಲ್ಲಿ ಆರಾಮವಾಗಿ ಕಾಲ ಕಳೆದ. ಇದನ್ನು ಕೇಳಿದ ಮಕ್ಕಳಿಗೆ ಸಿಟ್ಟು ಬರುತ್ತದೆ. ಬರಲಿ.

ಒಂದು ಎಚ್ಚರಿಕೆ. ಬ್ರಿಗೇಡ್‌ನ ಹೆಸರು ಬೆಳಗಾವಿ ಎಂದ ಮಾತ್ರಕ್ಕೆ ಅದರಲ್ಲಿದ್ದವರೆಲ್ಲ ನಮ್ಮ ಜಿಲ್ಲೆಯವರಲ್ಲ. ಇಂಗ್ಲೆಂಡಿನವರು, ರಜಪೂತರು, ಕೊಂಕಣದವರು, ದಖ್ಖನಿನವರು ಎಲ್ಲ ಇದ್ದರು. ಅಭಿಮಾನಕ್ಕಾಗಿ ಲೆಕ್ಕ ಹಿಗ್ಗಿಸಬೇಡಿ.

"ಮರಾಠಾ ಪಲ್ಟನ್ ಅಂದ್ರ ಮರಾಠಿಯವರದು. ನಮ್ಮ ಕನ್ನಡ ಶಾಲೆ ಹುಡುಗರಿಗೆ ಅದೇನು ಹೇಳೋದು?"

ಗಡಿಯ ಊರಿನಲ್ಲಿ ಈ ಪ್ರಶ್ನೆ ಬರುವುದು ಸಹಜ. ಆದರೆ ಆಗ ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿತ್ತು. ಸೈನ್ಯಕ್ಕೆ ಆಳು ತೆಗೆದುಕೊಳ್ಳುವ ಸಾಹೇಬ ನೋಡುತ್ತಿದ್ದದ್ದು ಜಾತಿ ಮತ್ತು ಪ್ರದೇಶ. ಆ ಪಲ್ಟನ್‌ಗಳಲ್ಲಿ ಮರಾಠರ ಜೊತೆ ದಖ್ಖನಿ ಮುಸ್ಲಿಮರೂ ಇದ್ದರು. ನಮ್ಮ ತರಗತಿಗಳಲ್ಲಿ ಮನೆಯಲ್ಲಿ ಮರಾಠಿ, ಉರ್ದು ಆಡುವ ಮಕ್ಕಳು ಇರುತ್ತಾರೆ ಅಲ್ವಾ? ಈ ಪಾಠದಲ್ಲಿ ಅವರ ಮನೆಯ ನೆನಪೂ ತರಗತಿಗೆ ಬರಲಿ. ಆಯಿ ಹೇಳಿದ್ದನ್ನು ಆ ಹುಡುಗಿ ಮರಾಠಿಯಲ್ಲೇ ಹೇಳಿ, ಆಮೇಲೆ ಕನ್ನಡದಲ್ಲಿ ತಿಳಿಸಲಿ.

ಮೈಸೂರು ಸಂಸ್ಥಾನದ ಕಥೆಯನ್ನೂ ಪಕ್ಕಕ್ಕಿಡಿ. ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಜೋಧಪುರದವರ ಜೊತೆ ಸೇರಿ 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾ ಪಟ್ಟಣ ಗೆದ್ದಿತು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರು ಜೋಧಪುರ, ಹೈದರಾಬಾದ್, ಮೈಸೂರಿನ ಸವಾರರ ಗುರುತು. ಇಂದಿನ ಕರ್ನಾಟಕದ ಜನ ಬೇರೆ ಬೇರೆ ಸರ್ಕಾರಗಳ ಕೆಳಗಿದ್ದು ಬೇರೆ ಬೇರೆ ದಾರಿಯಿಂದ ಈ ಯುದ್ಧಕ್ಕೆ ಹೋದರು ಎಂಬುದು ಹೀಗೆ ಸ್ಪಷ್ಟವಾಗುತ್ತದೆ.

"ಬಾಗಲಕೋಟೆ, ವಿಜಯಪುರ ಕಡೆ ಕ್ಯಾಂಪ್ ಇರಲಿಲ್ಲ. ನಾವು ಎಲ್ಲಿಂದ ಶುರು ಮಾಡೋಣ?"

ಸಂತೆಯ ಧಾರಣಿಯಿಂದ ಶುರು ಮಾಡಿ. ಯುದ್ಧದ ವರ್ಷಗಳಲ್ಲಿ ಕಾಳು, ಬಟ್ಟೆ, ಉಪ್ಪು, ಸೀಮೆಎಣ್ಣೆ ಎಲ್ಲ ತುಟ್ಟಿಯಾದವು. ಹಡಗು, ರೈಲು ಯುದ್ಧದ ಸಾಮಾನಿಗೆ ಮೀಸಲಾದವು. 1917ರಲ್ಲಿ ಭಾರತದ ಬೊಕ್ಕಸದಿಂದ ಬ್ರಿಟನ್ನಿನ ಯುದ್ಧಕ್ಕೆ ಹತ್ತು ಕೋಟಿ ಪೌಂಡ್ "ಕಾಣಿಕೆ" ಎಂದು ಕೊಟ್ಟರು. ಕೊಟ್ಟವರು ಯಾರು, ಕಟ್ಟಿದವರು ಯಾರು ಎಂದು ಮಕ್ಕಳನ್ನೇ ಕೇಳಿ.

ಆಮೇಲೆ 1918. ಆ ವರ್ಷ ಮಳೆ ಕೈಕೊಟ್ಟಿತು. ಜೂನ್ ಹೊತ್ತಿಗೆ ಮುಂಬಯಿ ಬಂದರಿಗೆ ಇನ್‌ಫ್ಲುಯೆಂಜಾ ಬಂತು. ಸೈನಿಕರು ತುಂಬಿದ ಹಡಗು, ಆಮೇಲೆ ರೈಲು, ಆಮೇಲೆ ಹಳ್ಳಿ. ಸೆಪ್ಟೆಂಬರ್, ಅಕ್ಟೋಬರಿನ ಎರಡನೇ ಅಲೆ ಭಯಂಕರ. ಮುಂಬಯಿ ಪ್ರಾಂತ್ಯಕ್ಕೆ ಜಾಸ್ತಿ ಪೆಟ್ಟು ಬಿತ್ತು, ವಿಜಯಪುರ ಜಿಲ್ಲೆ ಅದರಲ್ಲೇ ಇತ್ತು. ಹೊಟಗಿಯಿಂದ ಗದಗಿಗೆ ಹೋಗುವ ಹಳಿ ಆಗಲೇ ವಿಜಯಪುರ, ಬಾಗಲಕೋಟೆ ದಾಟಿ ಹೋಗುತ್ತಿತ್ತು. ಭಾರತದಲ್ಲಿ ಒಟ್ಟು ಒಂದು ಕೋಟಿಗೂ ಹೆಚ್ಚು ಜನ ಸತ್ತರು. ಗುಂಡೇಟಿಗೆ ಸತ್ತವರ ಪಕ್ಕದಲ್ಲಿ ಈ ಅಂಕಿ ಬರೆದು ಬೋರ್ಡಿನ ಮೇಲೆ ಹಾಗೇ ಬಿಡಿ. ಇಂದಿನ ಭಾರತದ ಗಡಿಯ ಲೆಕ್ಕದಲ್ಲಿ 1911ರ ಜನಗಣತಿಯಲ್ಲಿ ಸುಮಾರು 25.2 ಕೋಟಿ ಇದ್ದ ಜನ 1921ಕ್ಕೆ 25.1 ಕೋಟಿ ಆದರು. ನಮ್ಮ ಜನಗಣತಿಯಲ್ಲಿ ಜನಸಂಖ್ಯೆ ಇಳಿದ ದಶಕ ಇದೊಂದೇ. ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆಸಿದರೆ ಆ ತಗ್ಗು ಮಕ್ಕಳ ಕಣ್ಣಿಗೆ ಬೀಳುತ್ತದೆ.

ಗುಳೇದಗುಡ್ಡದವರಿಗೆ ಇನ್ನೊಂದು ಎಳೆ ಇದೆ. ಜರ್ಮನ್ ಪಾದ್ರಿಗಳು ಬಹಳ ಇದ್ದ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಕೇಂದ್ರ ಅಲ್ಲಿತ್ತು. ಯುದ್ಧ ಶುರುವಾದ ಮೇಲೆ ಭಾರತದಲ್ಲಿದ್ದ ಜರ್ಮನ್ ಮಿಶನರಿಗಳು ಸರ್ಕಾರದ ಕಣ್ಣಿಗೆ ಶತ್ರು ದೇಶದವರಾದರು. ಹಲವರನ್ನು ಅಹ್ಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿದರು. ಮಿಶನ್ನಿನ ಹೆಂಚಿನ ಕಾರ್ಖಾನೆ, ನೇಯ್ಗೆ ಉದ್ಯಮ ಕೈಬಿಟ್ಟು ಹೋದವು. ನಿನ್ನೆಯವರೆಗೆ ಕನ್ನಡ ಆಡುತ್ತ ಊರಲ್ಲಿದ್ದವರು ಒಂದು ಸರ್ಕಾರಿ ಆಜ್ಞೆಯಿಂದ ಶತ್ರುಗಳಾಗುವುದು ಏನೆಂದು ಮಕ್ಕಳು ಯೋಚಿಸಲಿ.

"ನಮ್ಮ ಮುತ್ತಜ್ಜ ಮಿಲಿಟರ್ಯಾಗ ಇದ್ದಾ ಅಂತ ಅಮ್ಮ ಹೇಳ್ತಾಳ. ಎಲ್ಲಿ ಹುಡುಕೋದ್ರಿ?"

ಮೊದಲು ಮನೆಯ ಪೆಟ್ಟಿಗೆ. ಪದಕ ಇದ್ದರೆ ಅದರ ಅಂಚನ್ನು ನೋಡಿ. ಸಿಪಾಯಿಯ ನಂಬರು, ಹೆಸರು, ಪಲ್ಟನ್ ಅಂಚಿನ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಇರುತ್ತವೆ. ಬ್ರಾಸೋ ಹಾಕಿ ತಿಕ್ಕಬೇಡಿ, ಅಕ್ಷರ ಅಳಿಸಿಹೋಗುತ್ತದೆ.

ಯುದ್ಧದಲ್ಲಿ ತೀರಿಕೊಂಡವರಾದರೆ ಯುದ್ಧದಲ್ಲಿ ಸತ್ತವರ ಸಮಾಧಿ, ಸ್ಮಾರಕ ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ಹುಡುಕಬಹುದು. ಕಾಸು ಕೊಡಬೇಕಿಲ್ಲ. ಕೆಲವರ ಹೆಸರಿನ ಮುಂದೆ ತಂದೆಯ ಹೆಸರು, ಹಳ್ಳಿ, ತಾಲೂಕು, ಜಿಲ್ಲೆಯೂ ಇರುತ್ತದೆ. ಹಳೆಯ ಇಂಗ್ಲಿಷ್ ಕಾಗುಣಿತ ಹಾಕಿ: ಬೆಲ್ಗಾಂ, ಬಿಜಾಪುರ, ಚಿಕೋಡಿ. ಬೈಲಹೊಂಗಲದವರು ಸಂಪಗಾಂವ ಎಂದೂ, ಸವದತ್ತಿಯವರು ಪರಸಗಡ ಎಂದೂ ಹಾಕಿ ನೋಡಿ, ಆಗ ತಾಲೂಕಿನ ಹೆಸರು ಅವೇ ಇದ್ದವು. ಬಾಗಲಕೋಟೆಯವರು ಬಿಜಾಪುರ ಜಿಲ್ಲೆಯೊಳಗೆ ಹುಡುಕಬೇಕು, ಬೇರೆ ಜಿಲ್ಲೆ ಆದದ್ದು 1997ರಲ್ಲಿ.

ಊರಲ್ಲೂ ಕಣ್ಣಾಡಿಸಿ. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಸರ್ಕಾರ ಭಾರತದ ಎಷ್ಟೋ ಹಳ್ಳಿಗಳಲ್ಲಿ ಕಲ್ಲಿನ ಫಲಕ ಹಾಕಿಸಿತು. ಈ ಹಳ್ಳಿಯಿಂದ ಇಷ್ಟು ಜನ 1914-1919ರ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು, ಇಷ್ಟೇ ಬರಹ. ಹೆಸರಿಲ್ಲ. ಹಳೆಯ ಚಾವಡಿ, ಶಾಲೆ, ಗುಡಿಯ ಗೋಡೆಗಳಲ್ಲಿ, ಸುಣ್ಣದ ಪದರದ ಕೆಳಗೂ ಅವು ಇರಬಹುದು. ಸಿಕ್ಕರೆ ಫೋಟೋ ತೆಗೆಯಿರಿ, ಕೆರೆಯಬೇಡಿ.

"ಎಂಎಲ್‌ಐಆರ್‌ಸಿ ಒಳಗೆ ಮಕ್ಕಳನ್ನ ಕರಕೊಂಡು ಹೋಗಬಹುದಾ?"

ಅದು, ಅಂದರೆ ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ರೆಜಿಮೆಂಟಲ್ ಸೆಂಟರ್, ಸೈನ್ಯದ ಜಾಗ. ಮುಂಚೆಯೇ ಹೆಡ್‌ಮಾಸ್ಟರ ಸಹಿಯ ಪತ್ರ ಕೊಟ್ಟು ಅನುಮತಿ ಪಡೆಯಬೇಕು. ಸಿಕ್ಕರೆ ಶರ್ಕತ್ ಯುದ್ಧ ಸ್ಮಾರಕ ತೋರಿಸಿ. ಶರ್ಕತ್ ಉತ್ತರ ಇರಾಕಿನ ಊರು. 1918ರ ಅಕ್ಟೋಬರ್ ಕೊನೆಯಲ್ಲಿ 114ನೇ ಮರಾಠಾ ಪಲ್ಟನ್ ಅಲ್ಲಿ ಹೋರಾಡಿತು. ಅದೇ 30ರಂದು ಟರ್ಕಿ ಕದನ ವಿರಾಮಕ್ಕೆ ಸಹಿ ಹಾಕಿತು. ಸಿಗದಿದ್ದರೆ ಬೇಸರ ಬೇಡ, ನಕಾಶೆಯ ಮೇಲೆ ಶರ್ಕತ್ ಹುಡುಕಿಸಿದರೂ ಪಾಠ ಆಗುತ್ತದೆ.

## ತರಗತಿಯೊಳಗೆ

"ಸ್ಮಾರ್ಟ್ ಬೋರ್ಡ್ ಇಲ್ಲ, ಕರೆಂಟೂ ಇರೋದಿಲ್ಲ. ಕಂದಕ ಯುದ್ಧ ಹೇಗೆ ತೋರಿಸೋದು?"

ಮೈದಾನಕ್ಕೆ ಕರೆದುಕೊಂಡು ಹೋಗಿ. ಕಬಡ್ಡಿ ಅಂಕಣಕ್ಕೆ ಹಾಕುವ ಸುಣ್ಣದ ಪುಡಿಯಿಂದ ನೂರು ಮೀಟರ್ ದೂರದಲ್ಲಿ ಎರಡು ಗೆರೆ ಎಳೆಯಿರಿ. ನೇರ ಗೆರೆ ಅಲ್ಲ, ಅಂಕುಡೊಂಕು. ಯಾಕೆ ಅಂಕುಡೊಂಕು ಎಂದು ಕೇಳಿ, ಸ್ವಲ್ಪ ಹೊತ್ತು ಬಿಡಿ. ನೇರವಿದ್ದರೆ ಒಳಗೆ ನುಗ್ಗಿದ ಒಬ್ಬನೇ ಸಾಲಿನುದ್ದಕ್ಕೂ ಗುಂಡು ಹಾರಿಸಬಹುದು, ಒಂದು ಶೆಲ್ ಬಿದ್ದರೆ ಸಿಡಿದದ್ದು ಎಲ್ಲರಿಗೂ ತಾಗುತ್ತದೆ ಎಂದು ಅವರೇ ಹೇಳುತ್ತಾರೆ. ಆಳ ಆಳೆತ್ತರ. ಮಳೆ ಬಂದರೆ ಒಳಗೆ ಮೊಣಕಾಲುದ್ದ ಕೆಸರು. ಇಂಥ ಸಾಲು ಉತ್ತರ ಸಮುದ್ರದಿಂದ ಸ್ವಿಟ್ಜರ್ಲೆಂಡಿನ ಗಡಿಯವರೆಗೆ ಸುಮಾರು 700 ಕಿಲೋಮೀಟರ್ ಇತ್ತು.

ಈಗ ಒಬ್ಬ ಒಳ್ಳೆಯ ಓಟಗಾರನನ್ನು ಶಾಲೆಯ ಚೀಲ ಬೆನ್ನಿಗೆ ಹಾಕಿಸಿ ಈ ಗೆರೆಯಿಂದ ಆ ಗೆರೆಗೆ ಓಡಿಸಿ, ಗಡಿಯಾರ ನೋಡಿ. ಇಪ್ಪತ್ತು ಸೆಕೆಂಡ್ ಎಂದುಕೊಳ್ಳಿ. ವಿಕರ್ಸ್ ಮಷಿನ್ ಗನ್ ನಿಮಿಷಕ್ಕೆ ಸುಮಾರು 450 ಗುಂಡು ಹಾರಿಸುತ್ತಿತ್ತು. ಲೆಕ್ಕ ಮಾಡಲಿ: 150 ಗುಂಡು. ಅದೂ ತಂತಿ ಬೇಲಿ, ಕೆಸರು ಇಲ್ಲದ ಒಣ ನೆಲದಲ್ಲಿ. ಅಷ್ಟಕ್ಕೆ ನಿಲ್ಲಿಸಿ. "ನೀನು ಸತ್ತೆ, ಬೀಳು" ಎಂದು ಆಟ ಮಾಡಿಸಬೇಡಿ. ಮಕ್ಕಳು ನಗುತ್ತಾರೆ, ಪಾಠ ಕೆಟ್ಟುಹೋಗುತ್ತದೆ.

"ಸಿಪಾಯಿಗಳು ಏನು ಅಂದುಕೊಂಡಿದ್ರು ಅನ್ನೋದು ಗೊತ್ತಾಗೋದು ಹೇಗೆ? ಅವರಿಗೆ ಓದು ಬರ್ತಿತ್ತಾ?"

ಬಹಳ ಜನರಿಗೆ ಬರುತ್ತಿರಲಿಲ್ಲ. ಬರೆಯಬಲ್ಲ ಜೊತೆಗಾರನಿಂದ ಬರೆಸುತ್ತಿದ್ದರು, ಊರಲ್ಲಿ ಓದಬಲ್ಲವರು ಓದಿ ಹೇಳುತ್ತಿದ್ದರು. ಫ್ರಾನ್ಸಿನಲ್ಲಿದ್ದ ಭಾರತೀಯ ಸಿಪಾಯಿಗಳ ಪತ್ರಗಳನ್ನು ಸೆನ್ಸಾರ್ ಅಧಿಕಾರಿಗಳು ಒಡೆದು ಓದಿ, ಆಯ್ದ ಭಾಗಗಳನ್ನು ಇಂಗ್ಲಿಷಿಗೆ ಮಾಡಿ ವರದಿ ಬರೆಯುತ್ತಿದ್ದರು. ಆ ವರದಿಗಳು ಉಳಿದಿವೆ. ಪತ್ರ ಒಡೆಯುತ್ತಾರೆಂದು ಸಿಪಾಯಿಗಳಿಗೂ ಗೊತ್ತಿತ್ತು. ಅದಕ್ಕೇ ಗುಟ್ಟಿನ ಮಾತು ಹೂಡಿದರು. ಕರಿಮೆಣಸು ಎಂದರೆ ಭಾರತದ ಸಿಪಾಯಿಗಳು, ಕೆಂಪು ಮೆಣಸು ಎಂದರೆ ಬಿಳಿಯರು. ಕರಿಮೆಣಸು ಮುಗಿಯುತ್ತಾ ಬಂದಿದೆ ಎಂದು ಬರೆದರೆ ಊರಿನವರಿಗೆ ಅರ್ಥವಾಗಬೇಕು. ಎಷ್ಟು ಚುರುಕು, ಎಷ್ಟು ಸಂಕಟ!

ಹೀಗೆ ಮಾಡಿಸಿ. ಅರ್ಧ ತರಗತಿ ಪೋಸ್ಟ್‌ಕಾರ್ಡ್ ಬರೆಯಲಿ: ಊರಲ್ಲಿರುವ ತಮ್ಮನನ್ನು ಸೈನ್ಯಕ್ಕೆ ಸೇರಿಸಬೇಡಿ ಎಂದು ತಿಳಿಸಬೇಕು, ಸಿಕ್ಕಿಬೀಳಬಾರದು. ಉಳಿದರ್ಧ ಸೆನ್ಸಾರ್ ಆಗಲಿ. ಮೊದಮೊದಲು ಎಲ್ಲರೂ ಸಿಕ್ಕಿಬೀಳುತ್ತಾರೆ. ಎರಡನೇ ಸಲಕ್ಕೆ ಜ್ವಾಳದ ಬೆಳೆ, ಎತ್ತಿನ ವ್ಯಾಪಾರ, ಜಾತ್ರೆ ಎಲ್ಲ ಗುಟ್ಟಿನ ಮಾತಾಗುತ್ತವೆ. ಈ ಕಾರ್ಡುಗಳು ಮಕ್ಕಳು ಬರೆದವು ಎಂದು ಮೇಲೆ ಬರೆಸಿ ಇಡಿ. ಮುಂದಿನ ವರ್ಷ ಯಾರೋ ಅವನ್ನು ನಿಜವಾದ ಪತ್ರ ಎಂದು ತಿಳಿಯಬಾರದು.

ದನಿಯೂ ಉಳಿದಿದೆ. ಬರ್ಲಿನ್ ಹತ್ತಿರದ ವುನ್ಸ್‌ಡಾರ್ಫ್ ಶಿಬಿರದಲ್ಲಿ ಸೆರೆಯಿದ್ದ ಭಾರತೀಯ ಸಿಪಾಯಿಗಳ ಮಾತು, ಹಾಡುಗಳನ್ನು ಜರ್ಮನ್ ವಿದ್ವಾಂಸರು ತಟ್ಟೆಗಳ ಮೇಲೆ ಮುದ್ರಿಸಿಕೊಂಡರು.

"ಗ್ಯಾಸ್, ಹೆಣ, ಗಾಯದ ಫೋಟೋ ತೋರಿಸಿದ್ರೆ ಮಕ್ಕಳಿಗೆ ತಟ್ಟುತ್ತಲ್ವಾ?"

ತಟ್ಟುತ್ತದೆ, ಆದರೆ ಬೇಕಾದದ್ದು ತಟ್ಟುವುದಿಲ್ಲ. ಅಳುವ ಮಗು ಅಳುತ್ತದೆ, ಉಳಿದವರು ಅದನ್ನೇ ಮೊಬೈಲಿನಲ್ಲಿ ಹುಡುಕುತ್ತಾರೆ. ಬೆಲ್ಜಿಯಂನ ಇಪ್ರ್ ಊರಿನ ಬಳಿ 1915ರ ಏಪ್ರಿಲ್‌ನಲ್ಲಿ ವಿಷಗಾಳಿ ಬಿಟ್ಟಾಗ ಮುಖವಾಡವಿಲ್ಲದ ಸಿಪಾಯಿಗಳು ಒದ್ದೆ ಬಟ್ಟೆ ಮೂಗಿಗೆ ಕಟ್ಟಿಕೊಂಡರು. ಅಷ್ಟು ಹೇಳಿದರೆ ಸಾಕು.

"ಇದೆಲ್ಲ ಪರೀಕ್ಷೆಗೆ ಬರೋದಿಲ್ಲ. ಪಾಲಕರು ಬೈತಾರೆ."

ಪಾಲಕರ ಚಿಂತೆ ನಿಜವಾದದ್ದು. ಹಾಗಾಗಿ ಪ್ರತಿ ಪಿರಿಯಡ್‌ನ ಕೊನೆಯ ಹತ್ತು ನಿಮಿಷ ಪಠ್ಯದ ಪ್ರಶ್ನೆಗಳಿಗೆ ಇಡಿ. ಚೀಟಿಯ ಆಟ ಆಡಿದ ಮಗು "ತಕ್ಷಣದ ಕಾರಣ ಯಾವುದು" ಎಂಬುದನ್ನು ಬಾಯಿಪಾಠ ಮಾಡಬೇಕಿಲ್ಲ.

## ಕಷ್ಟದ ಪ್ರಶ್ನೆಗಳು

"ರಾಯಣ್ಣ ಬ್ರಿಟಿಷರ ವಿರುದ್ಧ ಹೋರಾಡಿದ. ಇವರು ಬ್ರಿಟಿಷರ ಪರವಾಗಿ ಹೋರಾಡಿದ್ರು. ಹಂಗಾದ್ರ ಇವರು ದ್ರೋಹಿಗಳೇನ್ರಿ?"

ಕಿತ್ತೂರು, ನಂದಗಡದ ನೆಲದಲ್ಲಿ ಬೆಳೆದ ಮಗು ಇದನ್ನು ಕೇಳದಿದ್ದರೇ ಆಶ್ಚರ್ಯ. ನಾನು "ಅಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಸುವುದಿಲ್ಲ. ಮೊದಲು ಸಂಬಳದ ಮಾತು ತೆಗೆಯುತ್ತೇನೆ. ಸಿಪಾಯಿಗೆ ತಿಂಗಳಿಗೆ 11 ರೂಪಾಯಿ. ಎರಡು ವರ್ಷ ಮಳೆ ಇಲ್ಲದ ಹೊಲ, ಸಾಹುಕಾರನ ಸಾಲ, ಮನೆಯಲ್ಲಿ ಐದಾರು ಬಾಯಿ. ಕೆಲವು ಪ್ರಾಂತ್ಯಗಳಲ್ಲಿ ಆಳು ಒದಗಿಸಲು ಹಳ್ಳಿಯ ಮುಖ್ಯಸ್ಥರ ಮೇಲೆ ಒತ್ತಡವೂ ಇತ್ತು. ಮನೆತನದಲ್ಲಿ ಸೈನ್ಯದ ಕೆಲಸವೇ ಮರ್ಯಾದೆ ಎಂದು ನಂಬಿದವರೂ ಇದ್ದರು. ಒಬ್ಬೊಬ್ಬ ಒಂದೊಂದು ಕಾರಣಕ್ಕೆ ಹೋದ.

ಹಲಗಲಿಯ ನೆನಪನ್ನೂ ತರಬಹುದು. 1857ರಲ್ಲಿ ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲ ಎಂದು ಬ್ರಿಟಿಷರ ಎದುರು ನಿಂತರು. ಅದೇ ಸರ್ಕಾರ 1914ರಲ್ಲಿ ಲಕ್ಷಾಂತರ ಭಾರತೀಯರ ಕೈಗೆ ಬಂದೂಕು ಕೊಟ್ಟಿತು, ಗುರಿ ಯಾರೆಂದು ಮಾತ್ರ ತಾನೇ ಹೇಳಿತು. ರಾಯಣ್ಣನ ಧೈರ್ಯವನ್ನು ನಾವು ಕೊಂಡಾಡುತ್ತೇವೆ. ಹೊಟ್ಟೆಗಾಗಿ ಬಸ್ರಾಕ್ಕೆ ಹೋದವನನ್ನು ದ್ರೋಹಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಮಕ್ಕಳಿಗೂ ಇದನ್ನು ನನ್ನ ಅಭಿಪ್ರಾಯ ಎಂದೇ ಹೇಳುತ್ತೇನೆ. ಅವರು ಒಪ್ಪದಿದ್ದರೆ ಕಾರಣ ಕೊಟ್ಟು ಬರೆಯಲಿ.

"ಟಿಳಕರು, ಗಾಂಧೀಜಿ ಯುದ್ಧಕ್ಕೆ ಬೆಂಬಲ ಕೊಟ್ರಂತೆ. ಇದನ್ನ ಮಕ್ಕಳ ಮುಂದೆ ಹೇಳೋದಾ?"

ಹೇಳಲೇಬೇಕು. ಗಾಂಧೀಜಿ 1918ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ಹಳ್ಳಿಗಳಲ್ಲಿ ತಿರುಗಿ ಸೈನ್ಯಕ್ಕೆ ಸೇರಿ ಎಂದು ಕೇಳಿದರು. ಜನ ಹೆಚ್ಚು ಓಗೊಡಲಿಲ್ಲ. ಅಹಿಂಸೆಯ ಗಾಂಧಿ ಹೀಗೆ ಮಾಡಿದ್ದು ಯಾಕೆ? ಸಾಮ್ರಾಜ್ಯದ ಕಷ್ಟದಲ್ಲಿ ಜೊತೆ ನಿಂತರೆ ಸಮಾನ ಹಕ್ಕು ಸಿಕ್ಕೀತು ಎಂಬ ಭರವಸೆ ಆಗ ಇತ್ತು. ಟಿಳಕರು ಸ್ವರಾಜ್ಯದ ಹಕ್ಕು ಕೊಡಿ, ಆಳು ಕೊಡುತ್ತೇವೆ ಎಂಬ ಧಾಟಿಯವರು.

ಇಲ್ಲಿ ಬೆಳಗಾವಿಯ ಎರಡು ತಾರೀಖು ಅಕ್ಕಪಕ್ಕ ಬರೆಯಿರಿ. ಸ್ವರಾಜ್ಯ ಕೇಳುವ ಟಿಳಕರ ಹೋಮ್ ರೂಲ್ ಲೀಗ್ ಹುಟ್ಟಿದ್ದು ಬೆಳಗಾವಿಯಲ್ಲಿ, 1916ರ ಏಪ್ರಿಲ್ 28ರಂದು. ಮರುದಿನ, ಏಪ್ರಿಲ್ 29ಕ್ಕೆ ಕುಟ್‌ನಲ್ಲಿ ಬೆಳಗಾವಿ ಬ್ರಿಗೇಡ್ ಶರಣಾಯಿತು. ಇಲ್ಲಿ ಸ್ವರಾಜ್ಯ ಬೇಕು ಎಂದು ಸಭೆ, ಅಲ್ಲಿ ಸಾಮ್ರಾಜ್ಯಕ್ಕಾಗಿ ಹಸಿದು ಬಸವಳಿದ ಸಿಪಾಯಿಗಳು. ಅದೇ ವರ್ಷ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಸೇರಿ ಕೆಎಲ್‌ಇ ಶಿಕ್ಷಣ ಸಂಸ್ಥೆ ಕಟ್ಟಿದರು. ನಮ್ಮ ಮಕ್ಕಳು ದಿನಾ ನೋಡುವ ಬೋರ್ಡಿನ ಮೇಲಿನ 1916 ಯುದ್ಧದ ನಡುವಿನ ವರ್ಷ.

ಮುಂದಿನ ಕೊಂಡಿಗಳು ಚುರುಕಾದ ಮಕ್ಕಳಿಗೆ. ಮೆಸೊಪೊಟೇಮಿಯಾದ ಅವ್ಯವಸ್ಥೆಯ ತನಿಖಾ ವರದಿ 1917ರಲ್ಲಿ ಹೊರಬಂದು ಬ್ರಿಟಿಷ್ ಸರ್ಕಾರದಲ್ಲಿ ಭಾರತದ ಆಡಳಿತ ನೋಡುವ ಮಂತ್ರಿ ಆಸ್ಟನ್ ಚೇಂಬರ್ಲೇನ್ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಮಾಂಟೆಗು ಬಂದರು. ಆಗಸ್ಟ್ 20ಕ್ಕೆ ಹಂತಹಂತವಾಗಿ ಜವಾಬ್ದಾರಿ ಸರ್ಕಾರ ಕೊಡುವ ಘೋಷಣೆ ಮಾಡಿದರು. ಯುದ್ಧ ಮುಗಿದ ಮೇಲೆ ಬಂದದ್ದು ಮಾತ್ರ ಮೊದಲು ವಿಚಾರಣೆಯಿಲ್ಲದೆ ಜೈಲಿಗೆ ಹಾಕಬಹುದಾದ ರೌಲಟ್ ಕಾಯ್ದೆ, 1919ರ ಏಪ್ರಿಲ್ 13ಕ್ಕೆ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡ. ಭರವಸೆ ಇಟ್ಟಿದ್ದ ಗಾಂಧೀಜಿ ಅಸಹಕಾರಕ್ಕೆ ಇಳಿದರು. 1924ರ ಡಿಸೆಂಬರಿನಲ್ಲಿ ಅವರು ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ನಡೆದದ್ದು ಬೆಳಗಾವಿಯಲ್ಲೇ.

"ಸೈನ್ಯಕ್ಕೆ ಯಾರು ಬೇಕಾದ್ರೂ ಸೇರಬಹುದಿತ್ತಾ?"

ಇಲ್ಲ. ಕೆಲವು ಜಾತಿಗಳು ಮಾತ್ರ ಹುಟ್ಟಿನಿಂದ ಯೋಧರು ಎಂದು ಬ್ರಿಟಿಷರು ಒಂದು ಲೆಕ್ಕ ಹಾಕಿಕೊಂಡಿದ್ದರು. ಹಿಂದೆ ಕಂಪನಿಯ ಸೈನ್ಯದಲ್ಲಿ ಚೆನ್ನಾಗಿ ಸೇವೆ ಮಾಡಿದ್ದ ಮಹಾರರಿಗೆ 1890ರ ದಶಕದ ಹೊತ್ತಿಗೆ ಬಾಗಿಲು ಹಾಕಿದರು. ಯುದ್ಧದಲ್ಲಿ ಆಳು ಸಾಲದೆ ಬಂದಾಗ 1917ರಲ್ಲಿ 111ನೇ ಮಹಾರ್ ಪಲ್ಟನ್ ಕಟ್ಟಿದರು. ಯುದ್ಧ ಮುಗಿಯಿತು, 1921ರಲ್ಲಿ ಮುಚ್ಚಿದರು. ಇದಕ್ಕಿಂತ ಸ್ಪಷ್ಟವಾದ ಅನ್ಯಾಯದ ಉದಾಹರಣೆ ಈ ಪಾಠದಲ್ಲಿ ನನಗೆ ಸಿಕ್ಕಿಲ್ಲ. ಸುಬೇದಾರನ ಮಗನಾಗಿ ಹುಟ್ಟಿದ ಡಾ. ಅಂಬೇಡ್ಕರ್ ಸೈನ್ಯದ ಬಾಗಿಲು ತೆರೆಯಲು ಒತ್ತಾಯಿಸುತ್ತಲೇ ಇದ್ದರು. 1941ರ ಅಕ್ಟೋಬರಿನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಿದ್ದು ಬೆಳಗಾವಿಯಲ್ಲಿ.

"ಸತ್ತವರ ಲೆಕ್ಕ ಒಂದೊಂದು ಕಡೆ ಒಂದೊಂದು ಇರುತ್ತೆ. ಯಾವುದನ್ನ ನಂಬೋದು?"

ಲೆಕ್ಕ ಯಾರು ಇಟ್ಟರು, ಯಾರನ್ನು ಬಿಟ್ಟರು ಎಂದು ಕೇಳುವುದನ್ನು ಕಲಿಸಿ. ಕೂಲಿ ದಳದವರು, ಅಡಿಗೆಯವರು, ಸೆರೆಯಲ್ಲಿ ಸತ್ತವರು ಒಂದು ಲೆಕ್ಕದಲ್ಲಿ ಸೇರುತ್ತಾರೆ, ಇನ್ನೊಂದರಲ್ಲಿ ಇಲ್ಲ. ಇರಾಕಿನ ಬಸ್ರಾ ಸ್ಮಾರಕ 40 ಸಾವಿರಕ್ಕೂ ಹೆಚ್ಚು ಜನರ ನೆನಪಿಗೆ ಕಟ್ಟಿದ್ದು. ಬ್ರಿಟಿಷ್ ಸೈನಿಕರ ಹೆಸರು ಕಲ್ಲಿನ ಮೇಲಿದೆ. ಭಾರತದ ಸಾಮಾನ್ಯ ಸಿಪಾಯಿಗಳದು ಪಲ್ಟನ್‌ಗೆ ಇಷ್ಟು ಎಂಬ ಸಂಖ್ಯೆ. 2021ರಲ್ಲಿ ವಾರ್ ಗ್ರೇವ್ಸ್ ಕಮಿಷನ್ ತನ್ನದೇ ತನಿಖೆ ಮಾಡಿಸಿ, ಏಷ್ಯಾ, ಆಫ್ರಿಕಾದ ಸೈನಿಕರನ್ನು ಸಮಾನವಾಗಿ ಸ್ಮರಿಸಲಿಲ್ಲ ಎಂದು ಒಪ್ಪಿ ಕ್ಷಮೆ ಕೇಳಿತು. ದೆಹಲಿಯ ಇಂಡಿಯಾ ಗೇಟ್ 1931ರಲ್ಲಿ ಉದ್ಘಾಟನೆಯಾಯಿತು, ಅದರ ಮೇಲೆ 13 ಸಾವಿರಕ್ಕೂ ಹೆಚ್ಚು ಹೆಸರಿವೆ. ಶಾಲಾ ಪ್ರವಾಸದಲ್ಲಿ ಹೋದರೆ ಸೆಲ್ಫಿಗೆ ಮುಂಚೆ ಒಂದು ಹೆಸರನ್ನಾದರೂ ಓದಿಸಿ.

"ಎರಡನೇ ಮಹಾಯುದ್ಧಕ್ಕೂ ಇದೇ ದಾರಿ ನಡೆಯುತ್ತಾ?"

ನಡೆಯುತ್ತದೆ, ಆದರೆ ಗಂಟು ಇನ್ನೂ ಬಿಗಿ. 1939ರ ಸೆಪ್ಟೆಂಬರ್ 3ಕ್ಕೆ ವೈಸ್‌ರಾಯ್ ಲಿನ್‌ಲಿಥ್‌ಗೋ ಯಾರನ್ನೂ ಕೇಳದೆ ಭಾರತವೂ ಯುದ್ಧದಲ್ಲಿದೆ ಎಂದು ಸಾರಿದರು. ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಆದರೂ ಸುಮಾರು 25 ಲಕ್ಷ ಜನ ಸೈನ್ಯಕ್ಕೆ ಸೇರಿದರು. ಮರಾಠಾ ಪಲ್ಟನ್ನಿನ ನಾಯಕ್ ಯಶವಂತ ಘಾಡ್ಗೆ 1944ರಲ್ಲಿ ಇಟಲಿಯಲ್ಲಿ ಹೋರಾಡುತ್ತ ಸತ್ತರು. ಅದೇ ರೆಜಿಮೆಂಟಿನ ಸಿಪಾಯಿ ನಾಮದೇವ ಜಾಧವ 1945ರಲ್ಲಿ ಸೆನಿಯೊ ನದಿಯ ದಂಡೆಯಲ್ಲಿ ಗಾಯಗೊಂಡವರನ್ನು ಗುಂಡಿನ ಮಳೆಯಲ್ಲಿ ಹೊತ್ತು ತಂದರು. ಇಬ್ಬರಿಗೂ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಇತ್ತ 1942ರ ಆಗಸ್ಟ್‌ನಿಂದ ನಮ್ಮ ಹಳ್ಳಿಗಳಲ್ಲಿ ಕ್ವಿಟ್ ಇಂಡಿಯಾ. ಅತ್ತ ಬರ್ಮಾದ ಗಡಿಯಲ್ಲಿ ನೇತಾಜಿ ಸುಭಾಷರ ಆಜಾದ್ ಹಿಂದ್ ಫೌಜ್. ಒಬ್ಬ ಇಟಲಿಗೆ, ಒಬ್ಬ ಜೈಲಿಗೆ, ಒಬ್ಬ ನೇತಾಜಿಯ ಕಡೆಗೆ. ಮೂವರೂ ಒಂದೇ ಓಣಿಯ ಹುಡುಗರಾಗಿದ್ದರೆ ಏನು ಮಾತಾಡಿಕೊಳ್ಳುತ್ತಿದ್ದರು ಎಂದು ಸಂಭಾಷಣೆ ಬರೆಸಿ.

ಇಲ್ಲಿ ಇನ್ನೊಂದು ಅನುಕೂಲ ಇದೆ. ಯುದ್ಧಕಾಲದ ರೇಷನ್, 1942-43ರಲ್ಲಿ ವಿಜಯಪುರ ಜಿಲ್ಲೆಗೆ ಬಿದ್ದ ಬರ, ಪೊಲೀಸರ ಕಣ್ಣು ತಪ್ಪಿಸಿ ಓಡಾಡಿದವರು, ಇವನ್ನು ಚಿಕ್ಕವರಿದ್ದಾಗ ನೋಡಿದ ತೊಂಬತ್ತು ದಾಟಿದ ಅಜ್ಜ, ಅಜ್ಜಿಯರು ಕೆಲವು ಮನೆಗಳಲ್ಲಿ ಇನ್ನೂ ಇದ್ದಾರೆ. ಮಕ್ಕಳನ್ನು ಇಬ್ಬಿಬ್ಬರಂತೆ ಕಳಿಸಿ. ಮೊದಲು ಮನೆಯವರ ಒಪ್ಪಿಗೆ ಕೇಳಲಿ. ಮೊಬೈಲಿನಲ್ಲಿ ದನಿ ಮುದ್ರಿಸಿಕೊಳ್ಳಲಿ, ಮೊದಲಲ್ಲಿ ಹೆಸರು, ವಯಸ್ಸು, ಊರು, ಆ ದಿನದ ತಾರೀಖು ಹೇಳಿಸಲಿ. "ಯುದ್ಧದ ಬಗ್ಗೆ ಹೇಳಿರಿ" ಎಂದರೆ ಏನೂ ಬರುವುದಿಲ್ಲ. "ಆಗ ನೀವು ಏನು ಉಣ್ತಿದ್ರಿ? ಬಟ್ಟೆ ಎಲ್ಲಿಂದ ತರ್ತಿದ್ರಿ? ನಿಮ್ಮ ಓಣಿಯಿಂದ ಯಾರು ದಂಡಿಗೆ ಹೋದ್ರು?" ಎಂದು ಕೇಳಲಿ. ದಸರಾ ರಜೆಯ ತನಕ ಕಾಯಬೇಡಿ, ಈ ತಿಂಗಳೇ ಕಳಿಸಿ.